ಅರವಟ್ಟಿಗೆಯ ಊರು

ಬೆಂಗಳೂರಿನ ಬೇಸಗೆಯನ್ನು ಕುರಿತು ಪರಸ್ಥಳದವರಿಗೆ ಇರುವ ಕಲ್ಪನೆ ಬಹುಮಟ್ಟಿಗೆ ಹೂವಿನದು, ಹಣ್ಣಿನದು. ಕಬ್ಬನ್ ಪಾರ್ಕಿನ ಗುಲ್‌ಮೊಹರಿನ ಕೆಂಪು, ಜಕರಂದದ ನೀಲಿ, ಲಾಲ್‌ಬಾಗಿನ ಮಾವು ಹಲಸಿನ ಮೇಳ, ಸಂಜೆಯಾದೊಡನೆ ಬೀಸುವ ತಂಗಾಳಿ—ಇವನ್ನೆಲ್ಲ ನೆನೆದುಕೊಂಡು ನೆಂಟರ ಮನೆಗೆ ಪೆಟ್ಟಿಗೆ ಸಮೇತ ಬಂದಿಳಿಯುವವರು ಈಗಲೂ ಕಡಿಮೆಯೇನಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿರುವ ಊರು. ಇಲ್ಲಿ ಬೇಸಗೆಯೆಂಬುದು ಬರಿಯ ಪಂಚಾಂಗದ ಮಾತು ಎಂದು ಹಿರಿಯರು ಹೇಳುತ್ತಿದ್ದುದನ್ನು ತೀರ್ಥಹಳ್ಳಿಯ ಕಡೆಯವನಾದ ನಾನೂ ಬಾಲ್ಯದಲ್ಲಿ ಕೇಳಿದ್ದೆ.

ಎಂಟು ವರ್ಷಗಳ ಹಿಂದೆ ಕಾಲೇಜಿನ ಉದ್ಯೋಗವನ್ನು ಹಿಡಿದು ಇಲ್ಲಿಗೆ ಬಂದ ಮೊದಲ ವರ್ಷದಲ್ಲೇ ಆ ಕಲ್ಪನೆ ಕರಗಿತು. ಮನೆಯ ಹಿಂದೆಯೇ ಹಳ್ಳ ಹರಿಯುವ ಊರಿನಲ್ಲಿ ಬೆಳೆದವನಿಗೆ ಕುಡಿಯುವ ನೀರನ್ನು ಕ್ಯಾನುಗಳಲ್ಲಿ ಕೊಂಡು ತರಬೇಕಾಗಿ ಬಂದಾಗ ಉಂಟಾದ ಕೋಪ ಅಷ್ಟಿಷ್ಟಲ್ಲ. ನೀರನ್ನು ಮಾರುವ ಊರಿನಲ್ಲಿ ಧರ್ಮವನ್ನು ಎಲ್ಲಿ ಹುಡುಕಲಿ ಎಂದು ತಂದೆಯವರೊಡನೆ ದೂರವಾಣಿಯಲ್ಲಿ ದೂರಿದೆ. ಅವರು ನಕ್ಕು, “ಮೊದಲು ನಿನ್ನ ಬೀದಿಯನ್ನು ಸರಿಯಾಗಿ ನೋಡಿಕೊಂಡು ಬಾ” ಎಂದರು.

ಬಸವನಗುಡಿಗೆ ಸೇರಿದ ನಮ್ಮ ಬೀದಿಯ ತಿರುವಿನಲ್ಲಿ ಒಂದು ಹೊಂಗೆಯ ಮರವಿದೆ. ಯುಗಾದಿಯ ಮರುದಿನ ಅದರ ಬುಡದಲ್ಲಿ ನಾಲ್ಕು ಗಳುಗಳು ನೆಟ್ಟವು; ಮೇಲೆ ತೆಂಗಿನ ಗರಿಯ ಚಪ್ಪರವೆದ್ದಿತು; ಮರಳು ಹಾಸಿದ ನೆಲದ ಮೇಲೆ ಮೂರು ದೊಡ್ಡ ಗಡಿಗೆಗಳು ಬಂದು ಕುಳಿತವು. ಗಡಿಗೆಯ ಮೈಗೆ ಒದ್ದೆಯ ಕೆಂಪು ಬಟ್ಟೆ, ಒಳಗೆ ಒಂದು ಹಿಡಿ ಲಾವಂಚದ ಬೇರು. ಯಾರ ಹೆಸರಿನ ಫಲಕವೂ ಇಲ್ಲ. ಅದೇ ನಮ್ಮ ಬೀದಿಯ ಅರವಟ್ಟಿಗೆ.

ಕನ್ನಡವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಈ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದಾಗುತ್ತದೆಯೆ? ಅರವಂಟಿಗೆ ಎಂಬ ರೂಪದಲ್ಲಿ ಇದು ನಮ್ಮ ಹಳೆಯ ಶಾಸನಗಳಲ್ಲಿಯೂ ಕಾಣುತ್ತದೆ. ಅದರ ಮೊದಲಿನ ‘ಅಱ’ ಎಂಬುದಕ್ಕೆ ಧರ್ಮವೆಂದೇ ಅರ್ಥ. ಕೆರೆ ಕಟ್ಟಿಸಿದವರ, ಬಾವಿ ತೋಡಿಸಿದವರ ಸಾಲಿನಲ್ಲಿಯೇ ದಾರಿಹೋಕರಿಗೆ ನೀರಿಟ್ಟವರ ಹೆಸರನ್ನೂ ಕಲ್ಲಿನಲ್ಲಿ ಕೊರೆಯುತ್ತಿದ್ದರು. ಇಷ್ಟನ್ನೂ ನಾನು ಆ ಚಪ್ಪರದ ಕೆಳಗೆ ನಿಂತು, ಬೀದಿಯ ಹಿರಿಯರಾದ ಒಬ್ಬ ನಿವೃತ್ತ ಶಾಲಾ ಉಪಾಧ್ಯಾಯಿನಿಯವರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಬಹಳ ಸಂತೋಷ ಮೇಷ್ಟ್ರೇ. ನಾಳೆ ಬೆಳಗ್ಗೆ ಆರು ಗಂಟೆಗೆ ಗಡಿಗೆ ತೊಳೆಯುವುದಕ್ಕೆ ಬನ್ನಿ” ಎಂದರು. ನನ್ನ ಸೇವಾಜೀವನ ಆರಂಭವಾದದ್ದು ಹೀಗೆ.

ಅಲ್ಲಿಂದ ಮುಂದೆ ಈ ಊರಿನ ಬೇಸಗೆ ನನಗೆ ಹಿಂಬಾಗಿಲಿನಿಂದ ಕಾಣತೊಡಗಿತು. ಶ್ರೀರಾಮನವಮಿಯನ್ನೇ ತೆಗೆದುಕೊಳ್ಳಿ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವವನ್ನು ಕೇಳದ ಸಂಗೀತಪ್ರಿಯರಿಲ್ಲ. ಎಸ್. ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಈ ಉತ್ಸವ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ತಿಂಗಳುದ್ದಕ್ಕೂ ನಡೆಯುವುದು ರೂಢಿ. ಎಂ. ಎಸ್. ಸುಬ್ಬುಲಕ್ಷ್ಮಿಯವರಂಥ ಮಹನೀಯರು ಹಾಡಿದ ವೇದಿಕೆಯದು. ಟಿಕೇಟಿಗೆ ಕಾಸಿಲ್ಲದವರು ಹೊರಗಿನ ಕಲ್ಲುಕಟ್ಟೆಗಳ ಮೇಲೆ ಕುಳಿತು ಕಚೇರಿಯನ್ನು ಕೊನೆಯವರೆಗೆ ಕೇಳಿ ಹೋಗುತ್ತಿದ್ದ ಕಥೆಗಳನ್ನು ನಮ್ಮ ಬೀದಿಯ ಹಳಬರು ಇಂದಿಗೂ ಹೇಳುತ್ತಾರೆ. ನಾನೂ ಹೋಗಿ ಕೇಳಿದ್ದೇನೆ. ಆದರೆ ನವಮಿಯ ದಿನ ನಮ್ಮ ಬೀದಿಯ ಪುಟ್ಟ ರಾಮಮಂದಿರದ ಹಿತ್ತಲಲ್ಲಿ ನಡೆಯುವ ಕಚೇರಿಯ ಸೊಗಸೇ ಬೇರೆ. ಅಲ್ಲಿನ ವಾದ್ಯಗಳು ಈಳಿಗೆಮಣೆ, ತುರಿಮಣೆ ಮತ್ತು ಒರಳುಕಲ್ಲು.

ಕೋಸಂಬರಿಯನ್ನು ದೊನ್ನೆಯಲ್ಲಿ ಒಡ್ಡಿಸಿಕೊಳ್ಳುವವರಿಗೆ ಅದು ಒಂದು ಹಿಡಿ ಹೆಸರುಬೇಳೆ, ಅಷ್ಟೆ. ಮಾಡುವವರನ್ನು ಕೇಳಬೇಕು. ಬೇಳೆ ಹೆಚ್ಚು ನೆನೆದರೆ ಹುಳಿಯಾಡುತ್ತದೆ, ಕಡಿಮೆಯಾದರೆ ಹಲ್ಲಿಗೆ ಸಿಕ್ಕುತ್ತದೆ. ಸೌತೆಕಾಯಿಗೆ ಉಪ್ಪನ್ನು ಮೊದಲೇ ಬೆರೆಸಿದರೆ ನೀರು ಬಿಟ್ಟು ಎಲ್ಲವೂ ಸಾರಾಗುತ್ತದೆ. ಆದುದರಿಂದ ಉಪ್ಪು ಬೀಳುವುದು ಹಂಚುವ ಹೊತ್ತಿಗೆ. ಪಾನಕಕ್ಕೆ ಬೆಲ್ಲವನ್ನು ಕರಗಿಸಿ ಸೋಸಿದ ಮೇಲೆಯೇ ನಿಂಬೆಯ ರಸ, ಏಲಕ್ಕಿ, ಶುಂಠಿ, ಮೆಣಸು. ಸೌತೆಕಾಯಿ ಹೆಚ್ಚುವ ಕೆಲಸ ನನಗೆ ಬಂದಿತು. ನಾಲ್ಕು ಗಂಟೆ ಹೆಚ್ಚಿದೆ. ಪಂಪನ ಮೇಲೆ ನಾಲ್ಕು ಗಂಟೆ ಉಪನ್ಯಾಸ ಮಾಡಿದರೂ ಅಷ್ಟು ದಣಿವಾಗುತ್ತಿರಲಿಲ್ಲ, ಕೇಳುವವರಿಗೆ ಆಗುತ್ತಿತ್ತೇನೋ.

ಹೀಗೆ ಕೆಲವು ವರ್ಷಗಳು ಸುಖವಾಗಿಯೇ ಸಾಗಿದವು. 2024ರ ಬೇಸಗೆ ಬಂದದ್ದು ಬೇರೊಂದು ಮುಖವನ್ನು ಹೊತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಗರದ ಸುಮಾರು 13,900 ಸರ್ಕಾರೀ ಕೊಳವೆಬಾವಿಗಳ ಪೈಕಿ 6,900 ಬತ್ತಿಹೋಗಿವೆಯೆಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ, ಕೈದೋಟಕ್ಕೆ ಹಾಯಿಸಿದವರಿಗೆ 5,000 ರೂಪಾಯಿ ದಂಡವೆಂದು ಮಾರ್ಚಿ ತಿಂಗಳಲ್ಲಿ ಆಜ್ಞೆಯಾಯಿತು. ಬೆಂಗಳೂರು ನದಿಯ ದಂಡೆಯ ಊರಲ್ಲವಷ್ಟೆ. ಸುಮಾರು 100 ಕಿಲೋಮೀಟರು ದೂರದ ಕಾವೇರಿಯನ್ನು ಯಂತ್ರಗಳಿಂದ ಎತ್ತಿ, ಮೇಲೇರಿಸಿ ತರಬೇಕು. ಆ ನೀರು ಮೊದಲು ಈ ಊರಿಗೆ ಹರಿದದ್ದು 1974ರಲ್ಲಿ. ಅದಕ್ಕೆ ಮೊದಲು ಊರನ್ನು ಸಾಕಿದ ಕೆರೆಗಳಲ್ಲಿ ಧರ್ಮಾಂಬುಧಿ ಕೆಂಪೇಗೌಡ ಬಸ್ ನಿಲ್ದಾಣವಾಗಿದೆ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿದೆ. ನಮ್ಮ ಬೀದಿಯ ಕೊಳವೆಬಾವಿ ಯುಗಾದಿಗೆ ಹತ್ತು ದಿನಗಳಿರುವಾಗ ಕೆಮ್ಮಿ ಕೆಮ್ಮಿ ನಿಂತಿತು. ನಲ್ಲಿಯಲ್ಲಿ ದಿನ ಬಿಟ್ಟು ದಿನ, ಅದೂ ಒಂದೆರಡು ಗಂಟೆ ಮಾತ್ರ, ನೀರು.

ಅರವಟ್ಟಿಗೆಯನ್ನು ಈ ವರ್ಷ ಇಡಬೇಕೆ ಬೇಡವೆ ಎಂದು ಹೊಂಗೆಯ ಮರದ ಕೆಳಗೆ ಸಭೆ ಸೇರಿತು. ಬೇಡವೆಂದವರಲ್ಲಿ ನಾನೂ ಒಬ್ಬ, ಮುಚ್ಚಿಡುವುದೇಕೆ? ಮನೆಯಲ್ಲಿ ಮಕ್ಕಳಿಗೇ ಸ್ನಾನಕ್ಕಿಲ್ಲದಾಗ ದಾನದ ಮಾತೆಲ್ಲಿ ಎಂದು ವಾದಿಸಿದೆ. ಉಪಾಧ್ಯಾಯಿನಿಯವರು, “ನೀರು ಹೆಚ್ಚಿದ್ದ ವರ್ಷ ಯಾರಿಗೆ ಬೇಕಾಗಿತ್ತು ಅರವಟ್ಟಿಗೆ?” ಎಂದು ಕೇಳಿ ಸುಮ್ಮನಾದರು. ನಾನು ಮನೆಗೆ ಬರುವಷ್ಟರಲ್ಲಿ ನನ್ನ ಶ್ರೀಮತಿ ಪಕ್ಕದ ಮನೆಯವರೊಡನೆ ಸೇರಿ ಮನೆಗೊಂದು ಬಿಂದಿಗೆಯೆಂದು ಗೊತ್ತುಮಾಡಿಕೊಂಡಾಗಿತ್ತು. “ನೀವು ಸಭೆಯಲ್ಲಿ ಬೇಡವೆಂದದ್ದು ನಿಮ್ಮ ಅಭಿಪ್ರಾಯ. ಬಿಂದಿಗೆ ನನ್ನದು” ಎಂದಳು. ಹದಿನಾಲ್ಕು ಮನೆಗಳಿಂದ ಹದಿನಾಲ್ಕು ಬಿಂದಿಗೆ ಬಂದವು. ಎರಡು ಗಡಿಗೆ ತುಂಬಿದವು. ಮೂರನೆಯದನ್ನು ಬೋರಲಾಗಿ ಮಲಗಿಸಿದೆವು.

ತೊಡಕು ಬಂದದ್ದು ಲೋಟಗಳಿಂದ. ಕುಡಿದ ಲೋಟವನ್ನು ತೊಳೆಯುವುದಕ್ಕೆ ಕುಡಿದಷ್ಟೇ ನೀರು ಬೇಕು. ಕಾಗದದ ಲೋಟ ತಂದರೆ ಬೀದಿಯೆಲ್ಲ ಕಸ. ಆಗ ನನ್ನ ವಿದ್ವತ್ತು ಚುರುಕಾಯಿತು. ಹಿಂದಿನವರು ಏನು ಮಾಡುತ್ತಿದ್ದರು? ದಾರಿಹೋಕನು ಬೊಗಸೆಯೊಡ್ಡುವನು, ಇವರು ಮೇಲಿನಿಂದ ಹೊಯ್ಯುವರು. ತೊಳೆಯುವ ತಾಪತ್ರಯವೇ ಇಲ್ಲ. ಎಲ್ಲರೂ ಒಪ್ಪಿದರು. ನನ್ನ ಸಲಹೆಗೆ ಆ ಬೀದಿಯಲ್ಲಿ ಸಿಕ್ಕಿದ ಮೊದಲ ಮನ್ನಣೆ ಅದು. ಉದ್ದ ಹಿಡಿಯ ಸೌಟನ್ನು ಹಿಡಿದು ಮರುದಿನ ನಾನೇ ನಿಂತೆ. ಆಟೋ ಚಾಲಕರು, ಸೊಪ್ಪು ಮಾರುವವರು, ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುವ ಹುಡುಗರು ಬಗ್ಗಿ ಬೊಗಸೆಯೊಡ್ಡಿ ಕುಡಿದು, ಉಳಿದ ಹನಿಯನ್ನು ಮುಖಕ್ಕೆ ಸವರಿಕೊಂಡು ಹೋದರು.

ಹತ್ತು ಗಂಟೆಯ ವೇಳೆಗೆ ನಮ್ಮ ಬೀದಿಯನ್ನು ಗುಡಿಸುವ ಪೌರಕಾರ್ಮಿಕ ಹೆಂಗಸು ಬಂದಳು. ಬೆಳಗಿನ ಜಾವದಿಂದ ಕೆಲಸ, ಬಿಸಿಲು ನೆತ್ತಿಗೇರುತ್ತಿತ್ತು. ಪ್ರತಿವರ್ಷವೂ ಲೋಟ ತುಂಬಿಸಿಕೊಂಡು ನೆರಳಲ್ಲಿ ನಿಂತು ಕುಡಿಯುವವಳು, ನಾನು ಸೌಟನ್ನೆತ್ತಿದ್ದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಬ್ಯಾಡಿ ಸಾಮಿ. ಮನೆಗೆ ಹೋಗಿ ಕುಡೀತೀನಿ.”

“ಯಾಕಮ್ಮ? ತಣ್ಣಗಿದೆ, ಕುಡಿ.”

“ನಮ್ಮವ್ವ ಹಿಂಗೇ ಕುಡೀತಿದ್ಳು, ಸಾಮಿ” ಎಂದಳು. ಕೋಪವಿರಲಿಲ್ಲ. ಪೊರಕೆಯನ್ನು ಎತ್ತಿಕೊಂಡು ನಡೆದಳು.

ನಾನು ಸೌಟನ್ನು ಹಿಡಿದು ನಿಂತೇ ಇದ್ದೆ. ಕೈಗೆ ಲೋಟವನ್ನು ಕೊಡದೆ ಮೇಲಿನಿಂದ ನೀರು ಹೊಯ್ಯುತ್ತಿದ್ದುದು ಯಾವ ಉಳಿತಾಯಕ್ಕಾಗಿ ಎಂಬುದನ್ನು ನಾನು ತಿಳಿಯದವನೇ? ವರ್ಷವರ್ಷವೂ ವಚನಸಾಹಿತ್ಯವನ್ನು ಪಾಠ ಹೇಳುವವನು. ಪರೀಕ್ಷೆಯಲ್ಲಿ ಅದೇ ವಿಷಯದ ಮೇಲೆ ಹತ್ತು ಅಂಕದ ಪ್ರಶ್ನೆಯನ್ನೂ ಕೇಳಿದವನು. ಮುಟ್ಟಬಾರದೆಂಬ ಆ ಹಳೆಯ ಏರ್ಪಾಟನ್ನು, ಹಿಂದಿನವರ ಜಾಣತನವೆಂದು ಹೊಗಳಿ, ಬೀದಿಯ ತಿರುವಿಗೆ ನಾನೇ ತಂದು ನಿಲ್ಲಿಸಿದ್ದೆ.

ಸಂಜೆ ಮತ್ತೆ ಸಭೆ. ನಡೆದುದನ್ನು ನಾನೇ ಹೇಳಿದೆ. ಕೆಲವರು ಆಕೆ ತಪ್ಪು ತಿಳಿದಳೆಂದರು. ಎಲ್ಲರಿಗೂ ಒಂದೇ ಬಗೆಯಲ್ಲಿ ಹೊಯ್ಯುತ್ತಿರಲಿಲ್ಲವೇ ಎಂದರು. ಉಪಾಧ್ಯಾಯಿನಿಯವರು ಮಾತನಾಡದೆ ಮನೆಗೆ ಹೋಗಿ ಹನ್ನೆರಡು ಸ್ಟೀಲ್ ಲೋಟಗಳನ್ನು ತಂದಿಟ್ಟರು. ತೊಳೆಯುವ ನೀರನ್ನು ಎರಡು ತಪ್ಪಲೆಗಳಲ್ಲಿ ಇಟ್ಟುಕೊಳ್ಳುವುದು, ಮೊದಲನೆಯದರಲ್ಲಿ ಅದ್ದಿ ಉಜ್ಜಿ, ಎರಡನೆಯದರಲ್ಲಿ ಜಾಲಾಡಿ, ಕೊನೆಗೆ ಆ ನೀರನ್ನು ಹೊಂಗೆಯ ಬುಡಕ್ಕೆ ಸುರಿಯುವುದು ಎಂದಾಯಿತು. ಮನೆಗೆ ಅರ್ಧ ಬಿಂದಿಗೆ ಹೆಚ್ಚಾಯಿತು. ಯಾರೂ ಚೌಕಾಸಿ ಮಾಡಲಿಲ್ಲವೆಂದರೆ ಸುಳ್ಳಾದೀತು. ಇಬ್ಬರು ಮಾಡಿದರು, ಆಮೇಲೆ ಕೊಟ್ಟರು. ಮರುದಿನ ಬೆಳಗ್ಗೆ ಆಕೆ ಗುಡಿಸುತ್ತಿದ್ದಲ್ಲಿಗೇ ಹೋಗಿ ತಪ್ಪಾಯಿತೆಂದೆ. “ಇರಲಿ ಬಿಡಿ ಸಾಮಿ” ಎಂದಳು. ಆ ದಿನ ಬರಲಿಲ್ಲ. ಮೂರನೆಯ ದಿನ ಬಂದಳು. ಲೋಟವನ್ನು ಕೈಗೆ ಕೊಟ್ಟೆ. ಕುಡಿದು, ತಪ್ಪಲೆಯಲ್ಲಿ ತಾನೇ ಅದ್ದಿಟ್ಟು ಹೋದಳು.

ಆ ವರ್ಷದ ಕರಗ ಏಪ್ರಿಲ್ 23ರ ರಾತ್ರಿ, ಚೈತ್ರ ಪೌರ್ಣಿಮೆಯಂದು. ನಮ್ಮ ಬೀದಿಗೆ ಸೊಪ್ಪು ತರುವ ತಿಗಳ ಜನಾಂಗದ ತರುಣನೊಬ್ಬ ವೀರಕುಮಾರನಾಗಿ ದೀಕ್ಷೆ ತೊಟ್ಟಿದ್ದ. “ನೋಡೋಕೆ ಬರೋರು ಲಕ್ಷ ಜನ ಸಾರ್. ನೀರು ಕೊಡೋಕೆ ಬನ್ನಿ” ಎಂದು ಕರೆದ. ಹೋದೆ. ಪೇಟೆಯ ಕಿರಿದಾದ ಬೀದಿಯೊಂದರ ಅಂಗಡಿಯ ಜಗಲಿಯ ಮೇಲೆ ಮಜ್ಜಿಗೆಯ ಕೊಳದಪ್ಪಲೆಯ ಹಿಂದೆ ನನ್ನನ್ನು ನಿಲ್ಲಿಸಿದರು. ಮಧ್ಯರಾತ್ರಿ ಕಳೆದ ಮೇಲೆ ಧರ್ಮರಾಯಸ್ವಾಮಿಯ ಗುಡಿಯ ಕಡೆಯಿಂದ ಗೋವಿಂದನಾಮದ ಘೋಷ ಅಲೆಯಲೆಯಾಗಿ ಬಂದಿತು. ಸೀರೆಯುಟ್ಟು ಬಳೆ ತೊಟ್ಟ ಪೂಜಾರಿಯ ತಲೆಯ ಮೇಲೆ ಮಲ್ಲಿಗೆಯ ಗೋಪುರ, ಸುತ್ತಲೂ ಕತ್ತಿ ಹಿರಿದ ವೀರಕುಮಾರರು. ಆ ಕರಗ ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ ಬರುವುದು ಹಿಂದಿನಿಂದ ಬಂದ ಪದ್ಧತಿ. ಉತ್ಸವಕ್ಕೆ ಮುಂಚೆ ಹಸಿ ಕರಗವನ್ನು ತರುವುದು ಇಂದಿಗೂ ಸಂಪಂಗಿ ಕೆರೆಯಂಗಳದಲ್ಲಿ ಉಳಿದಿರುವ ಕುಂಟೆಯ ಬಳಿಯಿಂದ. ಕೆರೆ ಹೋದರೂ ಹಬ್ಬ ಅದರ ವಿಳಾಸವನ್ನು ಮರೆತಿಲ್ಲ.

ಇಷ್ಟೆಲ್ಲ ನಡೆದಾಗ ನಾನು ಕಂಡದ್ದೆಷ್ಟು ಎಂದು ಕೇಳಿದರೆ, ಮಲ್ಲಿಗೆಯ ವಾಸನೆ ಮತ್ತು ಚಾಚಿದ ಕೈಗಳು. ಬೆಳಗಿನ ಜಾವದವರೆಗೂ ಚಾಚುತ್ತಲೇ ಇದ್ದವು.

ಕೈ ನೀಡಲು ಮನಸ್ಸಿರುವವರಿಗೆ ಈ ಊರಿನಲ್ಲಿ ಬೇಸಗೆಯ ಕೆಲಸಕ್ಕೆ ಕೊರತೆಯಿಲ್ಲವೆಂದು ಬಲ್ಲೆ. ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು 2010ರಿಂದೀಚೆಗೆ ಅಲ್ಲಿನ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ಕಾಯುತ್ತ ಬಂದವರು. ಕಳೆ ಕೀಳುವವರಿಗೆ ವಿದ್ಯಾರ್ಹತೆಯ ನಿರ್ಬಂಧವಿರುವುದಿಲ್ಲ. ಕಾಲೇಜುಗಳು ಮುಚ್ಚುವುದರಿಂದ ಬೇಸಗೆಯಲ್ಲಿ ರಕ್ತನಿಧಿಗಳು ಬರಿದಾಗುತ್ತವೆ. ಹದಿನೆಂಟು ದಾಟಿದ, 45 ಕಿಲೋ ತೂಗುವ, ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ನಮ್ಮ ಮನೆಯಲ್ಲಿ ಈ ವಿಷಯದಲ್ಲಿಯೂ ಮುಂದಾದವಳು ನನ್ನ ಶ್ರೀಮತಿಯೇ. ಸೂಜಿಯನ್ನು ಕಂಡರೆ ನನಗೆ ತಲೆ ತಿರುಗುತ್ತದೆ.

ಆ ಏಪ್ರಿಲ್‌ನಲ್ಲಿ ಮಳೆಯ ಹನಿ ಬೀಳಲಿಲ್ಲ. 28ರಂದು ಉಷ್ಣಾಂಶ 38.5 ಡಿಗ್ರಿಗೆ ಏರಿತು. ಮೇ ತಿಂಗಳ ಮೊದಲ ವಾರದಲ್ಲಿ ಒಂದು ಸಂಜೆ ಗುಡುಗಿ ಸುರಿದಾಗ ಬೀದಿಯ ಮಕ್ಕಳೊಡನೆ ಉಪಾಧ್ಯಾಯಿನಿಯವರೂ ನೆನೆದರು. ಕಾವೇರಿಯ ಐದನೆಯ ಹಂತದ ನೀರು ನಗರದ ಅಂಚಿನ ಹಳ್ಳಿಗಳಿಗಾಗಿ ಹರಿಯಲಾರಂಭಿಸಿದ್ದು ಆ ಅಕ್ಟೋಬರಿನಲ್ಲಿ.

ಮಳೆ ಹಿಡಿದ ಮೇಲೆ ಚಪ್ಪರವನ್ನು ಬಿಚ್ಚಿದೆವು. ಗಡಿಗೆಗಳನ್ನು ಒಣಗಿಸಿ, ಲೋಟಗಳನ್ನು ಎಣಿಸಿ ಉಪಾಧ್ಯಾಯಿನಿಯವರಿಗೆ ಒಪ್ಪಿಸುವುದು ನನ್ನ ಪಾಲಿನ ಕೆಲಸ. ಇಟ್ಟದ್ದು ಹನ್ನೆರಡು, ಎಣಿಸಿದರೆ ಹದಿಮೂರು. ಮತ್ತೊಮ್ಮೆ ಎಣಿಸಿದೆ. ಹದಿಮೂರನೆಯದರ ಅಂಚಿನಲ್ಲಿ, ಪಾತ್ರೆಯಂಗಡಿಗಳಲ್ಲಿ ಕೊರೆದುಕೊಡುವಂತೆ, ಒಂದು ಹೆಸರು ಇತ್ತು. ನಮ್ಮ ಬೀದಿಯ ಯಾವ ಮನೆಯ ಹೆಸರೂ ಅಲ್ಲ. ಪೌರಕಾರ್ಮಿಕ ಹೆಂಗಸನ್ನು ಕೇಳಿದೆ. ತಿರುಗಿಸಿ ನೋಡಿ, “ನಂಗೆ ಓದೋಕೆ ಬರಾಕಿಲ್ಲ ಸಾಮಿ” ಎಂದು ನಕ್ಕು ಹಿಂದಕ್ಕೆ ಕೊಟ್ಟಳು. ಮುಂದಿನ ಯುಗಾದಿಗೆ ಅದನ್ನೂ ಗಡಿಗೆಯ ಪಕ್ಕದಲ್ಲಿ ಉಳಿದವುಗಳ ಜೊತೆಗೇ ಇಟ್ಟೆವು.