ಕೆಂಪಗಸಿಯ ತಲೆ

ದೆವ್ವದ ಕಥೆ ಹೇಳ್ತೀವಿ ಅಂತ ದುಡ್ಡು ತಗೊಂಡು, ರಾತ್ರಿ ಊರೆಲ್ಲ ಅಡ್ಡಾಡಿಸಿ, ನಡುನಡುವೆ ಪಬ್ಬಿಗೆ ಕರ್ಕೊಂಡು ಹೋಗೋ ದಂಧೆ ಇದೆ ಅಂದ್ರೆ ನಮ್ಮ ರೋಣದಲ್ಲಿ ಯಾರೂ ನಂಬಲಿಕ್ಕಿಲ್ಲ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ದೆವ್ವದ ನಡಿಗೆಗಳು 1973ರಿಂದ ನಡೀತಿವೆ. ಪಬ್ಬಿಂದ ಪಬ್ಬಿಗೆ ಹೋಗೋದು ಅದರದ್ದೇ ಒಂದು ನಮೂನೆ. ಆಫೀಸ್ ಕೆಲಸಕ್ಕೆ ಲೀಡ್ಸಿಗೆ ಬಂದಿರೋ ನಾನು, ಟೀಮಿನ ನಾಲ್ಕು ಜನರ ಜೊತೆ ಒಂದು ಶನಿವಾರ ಅದಕ್ಕೂ ಹೋಗಿ ಬಂದೆ.

ನಮ್ಮ ಗೈಡ್ ಕರಿ ಕೋಟು, ಎತ್ತರದ ಟೋಪಿ ಹಾಕ್ಕೊಂಡಿದ್ದ. ಥೇಟ್ ಕಂಪನಿ ನಾಟಕದ ಖಳನಾಯಕ! ಗೋಲ್ಡನ್ ಫ್ಲೀಸ್ ಅನ್ನೋ ಪಬ್ಬಿನಲ್ಲಿ ಲೇಡಿ ಪೆಕೆಟ್ ಅನ್ನೋ ಹೆಣ್ಣುಮಗಳು ಇವತ್ತಿಗೂ ಮೆಟ್ಟಿಲ ಮೇಲೆ ಓಡಾಡ್ತಾಳಂತೆ. ನನಗೆ ಕಾಣಿಸಿದ್ದು ಬಿಲ್ಲು ಮಾತ್ರ :)

ಆದರೆ ಒಂದು ಕಥೆ ಮಾತ್ರ ಭಾಳ ಹಿಡಿಸ್ತು. 1953ರಲ್ಲಿ ಹ್ಯಾರಿ ಮಾರ್ಟಿಂಡೇಲ್ ಅನ್ನೋ ಹುಡುಗ, ನಲ್ಲಿ ಕೆಲಸ ಕಲೀತಿದ್ದವನು, ಟ್ರೆಷರರ್ಸ್ ಹೌಸ್ ಅನ್ನೋ ಮನೆಯ ನೆಲಮಾಳಿಗೆಯಲ್ಲಿ ಏಣಿ ಮೇಲಿದ್ದ. ಗೋಡೆಯಿಂದ ರೋಮನ್ ಸೈನಿಕರ ಸಾಲು ಬಂತಂತೆ. ಮೊಣಕಾಲಿಂದ ಮೇಲಕ್ಕೆ ಮಾತ್ರ ಕಾಣ್ತಿತ್ತಂತೆ. ನೆಲ ಅಗೆದಿದ್ದ ಜಾಗಕ್ಕೆ ಬಂದಾಗ ಪಾದವೂ ಕಂಡವಂತೆ. ಯಾಕಂದ್ರೆ ಹಳೇ ರೋಮನ್ ರಸ್ತೆ ಈಗಿನ ನೆಲಕ್ಕಿಂತ ಕೆಳಗಿತ್ತು. ಸುಳ್ಳಾಗಿದ್ರೂ ಲೆಕ್ಕಾಚಾರ ಪಕ್ಕಾ ಇರೋ ಸುಳ್ಳು. ಇಂಜಿನಿಯರ್ ಮನಸ್ಸಿಗೆ ಅಷ್ಟು ಸಾಕು.

ಆಮೇಲೆ ಮಿಕಲ್‌ಗೇಟ್ ಬಾರ್. 'ಬಾರ್' ಅಂದ್ರೆ ಯಾರ್ಕಿನಲ್ಲಿ ಊರ ಅಗಸಿ, ಕುಡಿಯೋ ಜಾಗ ಅಲ್ಲ. 1460ರ ಡಿಸೆಂಬರಿನಲ್ಲಿ ಯುದ್ಧದಲ್ಲಿ ಸತ್ತ ಯಾರ್ಕಿನ ಡ್ಯೂಕ್ ರಿಚರ್ಡನ ತಲೆಗೆ ಕಾಗದದ ಕಿರೀಟ ಇಟ್ಟು ಇದರ ಮೇಲೆ ಸಿಕ್ಕಿಸಿದ್ದರಂತೆ. ಎಲ್ಲರೂ ನಕ್ಕರು. ನನಗೆ ನರಗುಂದ ನೆನಪಾಯ್ತು.

ಮುಂದಿನ ಪಬ್ಬಿನಲ್ಲಿ ಕೂತಾಗ ಒಬ್ಬಳು ಕೇಳಿದಳು, ನಿಮ್ಮೂರಲ್ಲಿ ಇಂಥ ಕಥೆ ಇದೆಯಾ ಅಂತ. ಇದೆ ಅಂದೆ. ನರಗುಂದದ ಬಾಬಾಸಾಹೇಬ ಭಾವೆಗೆ ಗಂಡು ಸಂತಾನ ಇರಲಿಲ್ಲ, ದತ್ತಕಕ್ಕೆ ಬ್ರಿಟಿಷರು ಒಪ್ಪಲಿಲ್ಲ, ಮೇಲೆ ಹತಾರ ಒಪ್ಪಿಸಿ ಅನ್ನೋ ಕಾಯ್ದೆ ಬೇರೆ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನ ತಲೆ ಕಡಿದು ತಂದು ಕೆಂಪಗಸಿಗೆ ಕಟ್ಟಿದರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯ್ತು.

ಹೇಳ್ತಾ ಹೇಳ್ತಾ ನನಗೇ ಒಂಥರಾ ಆಯ್ತು. ಶಾಲೆಯಲ್ಲಿ ಇದೇ ಪಾಠಕ್ಕೆ ಚಪ್ಪಾಳೆ ಹೊಡೆದವರು ನಾವು. ಇಲ್ಲಿ ಎದುರಿಗೆ ಕೂತಿದ್ದೋರು ಮ್ಯಾನ್ಸನ್ ಊರಿನ ಕಡೆಯವರು. ಡ್ಯೂಕನ ತಲೆಗೆ ನಕ್ಕವರು ಇದಕ್ಕೆ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಕೇಳಿದ: "ಹಾಗಾದ್ರೆ ಆ ಸಾಹೇಬನ ದೆವ್ವ ಕಾಣಿಸ್ತದಾ?"

ಇಲ್ಲ. ನಾನು ಕೇಳಿಲ್ಲ. ಅಜ್ಜಿ ಮನೆ ನರಗುಂದದಲ್ಲೇ ಇತ್ತು. ಹುಣಸೆಮರದ ದೆವ್ವ, ಹಾಳುಬಾವಿಯ ದೆವ್ವ ಎಲ್ಲದರ ಲೆಕ್ಕ ಅಜ್ಜಿ ಹತ್ತಿರ ಇತ್ತು. ಆದರೆ ಮ್ಯಾನ್ಸನ್ ಅದರಲ್ಲಿ ಇರಲಿಲ್ಲ. ಅಗಸಿ ಮಾತು ಬಂದಾಗೆಲ್ಲ ಆಕೆ ಹೇಳ್ತಿದ್ದದ್ದು ಬಾಬಾಸಾಹೇಬನ ತಾಯಿ ಮತ್ತು ಹೆಂಡತಿ ಬಗ್ಗೆ. ಊರು ಬ್ರಿಟಿಷರ ಕೈಗೆ ಹೋದಾಗ ಅವರಿಬ್ಬರೂ ಮಲಪ್ರಭೆಗೆ ಹಾರಿ ಜೀವ ಬಿಟ್ಟರು. "ಅತ್ತಿ ಸೊಸಿ ಇಬ್ರೂ ಕೈ ಹಿಡಕೊಂಡ ಹೋಗಿರಬೇಕು ನೋಡ ತಮ್ಮಾ" ಅಂತಿದ್ಲು ಅಜ್ಜಿ. ಕೈ ಹಿಡಿದದ್ದು ಯಾವ ಇತಿಹಾಸದಲ್ಲೂ ಇಲ್ಲ, ಅದು ಅಜ್ಜಿಯ ಸ್ವಂತ ಸೇರ್ಪಡೆ. ಆ ಭಾಗ ನಾನು ಪಬ್ಬಿನಲ್ಲಿ ಹೇಳಲಿಲ್ಲ. ಹೇಳೋಕೆ ಮನಸ್ಸಾಗಲಿಲ್ಲ ಅಷ್ಟೇ.

ಮರುದಿನ ಗಜೇಂದ್ರಗಡದಲ್ಲಿರೋ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. "ನರಗುಂದದಾಗ ನಾವೂ ಇಂಥಾದ್ದೊಂದು ಶುರು ಮಾಡೋಣೇನೋ? ಅಗಸಿಯಿಂದ ಗುಡ್ಡದ ಕೋಟೆ ತನಕ. ಶಿವಾಜಿ ಕಾಲದ್ದು, ಟಿಪ್ಪು ಮುತ್ತಿಗಿ ಹಾಕಿದ್ದು, ಎಲ್ಲಾ ಐತಿ."

"ಪಬ್ ಎಲ್ಲಿಂದ ತರತಿ?"

"ಗಿರ್ಮಿಟ್ ಅಂಗಡಿ ಸಾಕು. ಮಿರ್ಚಿ ತಿಂದ್ರ ದೆವ್ವಾನೂ ಓಡತೈತಿ."

ನಕ್ಕ. ಆಮೇಲೆ ಕೇಳಿದ: "ವೀರಗಲ್ಲಿನ ಮುಂದ ನಿಂತು ಏನ್ ಹೇಳ್ತಿ ಅಣ್ಣಾ?"

1980ರ ಜುಲೈ 21ರ ವಿಷಯ ಅವನು ಕೇಳಿದ್ದು. ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ತ ದಿನ ಅದು. ಪ್ರತಿ ವರ್ಷ ಆ ದಿನ ಕಲ್ಲಿಗೆ ಹಾರ ಬೀಳ್ತದೆ. ಡ್ಯೂಕನಿಗೆ ಐದೂವರೆ ಶತಮಾನ ದಾಟಿದೆ, ಟೋಪಿ ಹಾಕ್ಕೊಂಡು ಅವನ ಕಥೆ ಹೇಳಬಹುದು. ಮ್ಯಾನ್ಸನ್‌ಗೇ ಇನ್ನೂ ಪಬ್ಬಿನಲ್ಲಿ ನಗು ಬರ್ಲಿಲ್ಲ.

"ಅವತ್ತು ಅಲ್ಲಿದ್ದೋರು ಇನ್ನೂ ಅದಾರ" ಅಂದ ತಮ್ಮ.

ಈ ಸಲ ಊರಿಗೆ ಹೋದಾಗ ಕೆಂಪಗಸಿಯಿಂದ ಗುಡ್ಡದ ತನಕ ಇಬ್ಬರೇ ನಡೆಯೋದು ಅಂತ ಮಾತಾಗಿದೆ. ಹಗಲು ಹೊತ್ತಿನಲ್ಲೇ. ಟೋಪಿ ಇಲ್ಲ, ಗಿರ್ಮಿಟ್ ಖರ್ಚು ನನ್ನದು.