ಬಾವಿಯ ನಾಲ್ಕನೆಯ ಮೆಟ್ಟಿಲು

ಮರಾಠವಾಡಾದ ಗುಂಜೋಟಿಗೆ ಹೋದಾಗಲೆಲ್ಲ ನಮ್ಮ ಕಾಕು ಚಹಾ ಕೊಟ್ಟು, ಟ್ರಂಕಿನಿಂದ ಲಗ್ನದ ಆಲ್ಬಮ್ ತೆಗೆಯುತ್ತಾಳೆ. ಗಂಗಿ ಪೂಜೆಗೆ ಹೊಲದ ಬಾವಿಗೆ ಇಳಿದಾಗಿನ ಫೋಟೊ ಒಂದಿದೆ. ಕಾಕುವಿನ ಹಸಿರು ಸೀರೆಯ ಅಂಚು ನೀರಿಗೆ ತಾಗಿದೆ. ನೀರು ನಿಂತಿರುವುದು ಮೇಲಿನಿಂದ ನಾಲ್ಕನೆಯ ಮೆಟ್ಟಿಲಿಗೆ.

“ಯಾವ ತಿಂಗಳದಾಗ ಲಗ್ನ ಆಗಿತ್ತು, ಕಾಕು?”

“ವೈಶಾಖದಾಗ. ಈಗ ಹೋಳಿ ಹುಣ್ಣಿಮಿಗೇ ತಳ ಕಾಣ್ತದ, ತಮ್ಮಾ.”

ಇದೊಂದೇ ಫೋಟೊ ಹಿಡಿದು ಹವಾಮಾನ ಕೆಟ್ಟಿತು ಎನ್ನಲಾಗದು. ಬೋರ್‌ವೆಲ್ಲುಗಳೂ ಬಾವಿ ಬತ್ತಿಸಿವೆ, ಕಬ್ಬೂ ಕುಡಿದಿದೆ. 1972ರ ಬರ ಕಂಡ ಹಿರಿಯರು ಮರಾಠವಾಡಾದ ಮನೆಮನೆಯಲ್ಲಿದ್ದಾರೆ. ಬರ ನಮಗೆ ಹೊಸದಲ್ಲ. ಅದು ಎಷ್ಟು ಸಲ ಬರುತ್ತಿದೆ, ಅದರ ಹಿಂದೆಯೇ ಎಂಥ ಮಳೆ ಬರುತ್ತಿದೆ ಎಂಬುದು ಹೊಸದು. 2016ರ ಏಪ್ರಿಲಿನಲ್ಲಿ ಮಿರಜದಿಂದ 10 ವ್ಯಾಗನ್ನಿನ ರೈಲು 5 ಲಕ್ಷ ಲೀಟರ್ ನೀರು ಹೊತ್ತು ಲಾತೂರಿಗೆ ಬಂತು. ಆ ರೈಲಿನ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಾಲ್ಕೇ ವರ್ಷಕ್ಕೆ, 2020ರ ಅಕ್ಟೋಬರಿನಲ್ಲಿ, ಉಮರ್ಗಾ ಕಡೆ ಕೊಯ್ದಿಟ್ಟ ಸೋಯಾ ಬಣವೆಗಳು ನೀರಲ್ಲಿ ನಿಂತವು. ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತು ಹೊರಡುವುದಿಲ್ಲ.

ಫೋಟೊಗೆ ಬಲ ಬರುವುದು ಜೋಡಿಯಿಂದ. ಅಮೆರಿಕದ ಜೇಮ್ಸ್ ಬ್ಯಾಲಾಗ್ 2007ರಲ್ಲಿ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಾಗಳ ಬಂಡೆಗಳಿಗೆ ಕ್ಯಾಮೆರಾ ಬಿಗಿದು, ಒಂದೇ ಜಾಗವನ್ನು ವರ್ಷಗಟ್ಟಲೆ ತೆಗೆಯುತ್ತ ಹೋದರು. ಹಿಮನದಿ ಹಿಂದೆ ಸರಿಯುವುದನ್ನು ಜನ ಕಣ್ಣಾರೆ ಕಂಡರು. ನಮ್ಮಲ್ಲಿ ಹಿಮವಿಲ್ಲ, ಬಾವಿ ಇದೆ, ಮೆಟ್ಟಿಲಿದೆ.

ಕ್ಯಾಮೆರಾವೂ ಈಗ ರೈತನ ಅಂಗಿಯ ಜೇಬಿಗೇ ಬಂದಿದೆ. ಮಹಾರಾಷ್ಟ್ರದಲ್ಲಿ 2021ರಿಂದ ಇ-ಪೀಕ್ ಪಾಹಣಿ ಎಂಬ ಬೆಳೆ ದಾಖಲೆಯ ಆ್ಯಪ್ ಇದೆ. ಸಾತಬಾರಾದಲ್ಲಿ, ಅಂದರೆ ಹೊಲದ ಉತಾರೆಯಲ್ಲಿ, ಬೆಳೆ ದಾಖಲಾಗಲು ರೈತನೇ ಹೊಲದಲ್ಲಿ ನಿಂತು ಫೋಟೊ ತೆಗೆದು ಕಳಿಸಬೇಕು. 2025ಕ್ಕಿಂತ ಮೊದಲು ಬೆಳೆ ಹಾಳಾದರೆ 72 ಗಂಟೆಯೊಳಗೆ ವಿಮೆಗೆ ತಿಳಿಸಬೇಕಿತ್ತು, ಆಗಲೂ ಫೋಟೊ. ಕಾಕಾನ ಮೊಬೈಲಿನಲ್ಲಿ ಅಂಥದೊಂದು ಕಂಡೆ: ಕೆಸರು ಮೆತ್ತಿದ ಹೆಬ್ಬೆರಳು, ಅದರ ಮೇಲೊಂದು ಸೋಯಾ ಕಾಯಿ, ಕಾಯಿ ಒಡೆದು ಹೊರಬಂದ ಬಿಳಿ ಮೊಳಕೆ. ಗಿಡದಲ್ಲೇ ಕಾಳು ಮೊಳೆತಿತ್ತು. ಯಾವ ಪ್ರಶಸ್ತಿಯ ಚಿತ್ರವೂ ನನ್ನನ್ನು ಇಷ್ಟು ಹೊತ್ತು ಹಿಡಿದು ನಿಲ್ಲಿಸಿಲ್ಲ.

“ಉಳಿದವು ಎಲ್ಲಿ, ಕಾಕಾ?”

“ಮೊಬೈಲ್ ತುಂಬಿತ್ತಪಾ, ಅಳಿಸಿಬಿಟ್ಟೆ.”

ನನ್ನ ಸಂಕಟ ಇದೇ. ಬೆಳೆಹಾನಿಯ ಪಂಚನಾಮೆ ಮುಗಿದ ಕೂಡಲೇ ನಮ್ಮ ಸಾಕ್ಷಿ ಅಳಿಸಿಹೋಗುತ್ತದೆ. ಗುಂಜೋಟಿ, ನಿಲಂಗಾ, ಉದಗೀರದ ಅಣ್ಣತಮ್ಮಂದಿರೇ, ಹೊಲದ ಫೋಟೊ ಅಳಿಸಬೇಡಿ. ಪ್ರತಿ ಯುಗಾದಿಗೆ ಬಾವಿಯ ಅದೇ ಕಟ್ಟೆಯ ಮೇಲೆ ನಿಂತು ಒಂದು ತೆಗೆಯಿರಿ. ಅಚ್ಚು ಹಾಕಿಸಿ, ಬೆನ್ನಿಗೆ ತಾರೀಖು ಬರೆದು, ಲಗ್ನದ ಆಲ್ಬಮ್ಮಿನಲ್ಲೇ ಇಡಿ.