ಪಾಟೀ ಸವಾಲಿನ ಸುಖ

ಸುಳ್ಳು ಹೇಳುವವನಿಗೆ ಒಂದು ಚಟವಿರುತ್ತದೆ: ಯಾರೂ ಕೇಳದ ವಿವರ ಕೊಡುವುದು. 'ಹೆಣ ನೋಡಿದೆ' ಎಂದಷ್ಟೇ ಹೇಳಿ ಸುಮ್ಮನಿದ್ದರೆ ಬಚಾವಾಗುತ್ತಿದ್ದ. 'ಆಗ ಸರಿಯಾಗಿ ಮಧ್ಯಾಹ್ನ ಒಂದು ಗಂಟೆ' ಎಂದು ಸೇರಿಸಿದ, ಕೆಟ್ಟ. ಜಪಾನಿನ ಕ್ಯಾಪ್‌ಕಾಮ್ 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗಾಗಿ ತಂದ 'ಗ್ಯಾಕುತೆನ್ ಸಾಯಿಬಾನ್' ಎಂಬ ವಿಡಿಯೋ ಗೇಮ್ ನಿಂತಿರುವುದೇ ಈ ಚಟದ ಮೇಲೆ. 2005ರಲ್ಲಿ ಅದು 'ಫೀನಿಕ್ಸ್ ರೈಟ್: ಏಸ್ ಅಟಾರ್ನಿ' ಆಗಿ ಇಂಗ್ಲಿಷಿಗೆ ಬಂತು. ನನಗೆ ಹಿಡಿದ ಗೀಳು ಇನ್ನೂ ಬಿಟ್ಟಿಲ್ಲ.

ಇದನ್ನು ಬರೆದು ನಿರ್ದೇಶಿಸಿದ ಶು ತಕುಮಿ ಮೊಟ್ಟಮೊದಲ ಕೇಸಿನಲ್ಲೇ ಕೊಲೆಗಾರನ ಮುಖ ತೋರಿಸಿಬಿಡುತ್ತಾರೆ. ಯಾರು ಕೊಂದರು ಎನ್ನುವುದಲ್ಲ, ಇವನ ಬಾಯಿ ಹೇಗೆ ಬಿಡಿಸುವುದು ಎನ್ನುವುದೇ ಆಟ. ಕಟಕಟೆಯಲ್ಲಿ ನಿಂತಿರುವವನು ಮನೆಮನೆಗೆ ಹೋಗಿ ಪೇಪರಿಗೆ ಚಂದಾ ಹಿಡಿಯುವ ಆಸಾಮಿ. ಹೆಣ ಕಂಡದ್ದು ಒಂದು ಗಂಟೆಗೆ ಎನ್ನುತ್ತಾನೆ. ಮರಣೋತ್ತರ ಪರೀಕ್ಷೆಯ ವರದಿ ಸಾವು ನಾಲ್ಕರ ಮೇಲೆ ಎನ್ನುತ್ತದೆ. ಟೀವಿಯಲ್ಲಿ ಸಮಯ ಕೇಳಿದೆ ಎನ್ನುತ್ತಾನೆ. ಆ ಹೊತ್ತಿಗೆ ಕರೆಂಟೇ ಇರಲಿಲ್ಲ. ಹಾಗಾದರೆ ಗಡಿಯಾರ ಎನ್ನುತ್ತಾನೆ. ಕೋಣೆಯಲ್ಲಿ ಗಡಿಯಾರ ಎಲ್ಲಿದೆ? ತಲೆಗೆ ಹೊಡೆದ ಪ್ರತಿಮೆಯೇ ಗಡಿಯಾರ! ಅದು ನೋಡಲು ಗಡಿಯಾರದಂತಿಲ್ಲ, ಕೈಗೆತ್ತಿಕೊಂಡವನಿಗೆ ಮಾತ್ರ ಗೊತ್ತು. ಸತ್ತವಳು ಹಿಂದಿನ ದಿನವಷ್ಟೇ ಪ್ಯಾರಿಸ್‌ನಿಂದ ಮರಳಿದ್ದಳು, ಗಡಿಯಾರಕ್ಕೆ ಇಲ್ಲಿಯ ಸಮಯ ಕೂರಿಸಿರಲಿಲ್ಲ. ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ನಡುವೆ ಸಾಕ್ಷಿ ರೇಗಿ ತನ್ನ ವಿಗ್ಗನ್ನೇ ಕಿತ್ತು ವಕೀಲನ ಮುಖಕ್ಕೆ ಎಸೆಯುತ್ತಾನೆ.

ಆರೋಪಿ ಪರ ವಕೀಲನಾಗಿ ನಾವು ಮಾಡಬೇಕಾದ ಕೆಲಸ ಎರಡೇ. ಸಾಕ್ಷಿಯ ಹೇಳಿಕೆ ಒಂದೊಂದು ವಾಕ್ಯವಾಗಿ ತೆರೆಯ ಮೇಲೆ ಬರುತ್ತದೆ, ಹಿಂದೆ ಮುಂದೆ ಹೋಗಿ ಓದಬಹುದು. ಅನುಮಾನ ಬಂದ ಕಡೆ ಕೆದಕಿ ಕೇಳಬಹುದು. ಸುಳ್ಳು ಸಿಕ್ಕ ಕಡೆ ಸಾಕ್ಷ್ಯ ಎತ್ತಿ ಹಿಡಿದು ಆಕ್ಷೇಪಣೆ ಕೂಗಬಹುದು. ಜಪಾನಿ ಆವೃತ್ತಿಯಲ್ಲಿ ಆ ಕೂಗು ಸ್ವತಃ ತಕುಮಿಯವರದೇ. ನಿಂಟೆಂಡೊ ಡಿಎಸ್‌ನಲ್ಲಾದರೆ ಮೈಕಿಗೆ ನಾವೇ ಕೂಗಬಹುದಿತ್ತು. ಮನೆಮಂದಿ ಮಲಗಿದ ಮೇಲೆ ಆಡುವವರಿಗೆ ಅದು ಹೇಳಿ ಮಾಡಿಸಿದ ಸೌಲಭ್ಯವಲ್ಲ.

ಸವಾಲು ಶುರುವಾದಾಗ ಸಂಗೀತ ಸಾವಧಾನವಾಗಿರುತ್ತದೆ. ಸತ್ಯ ಹತ್ತಿರವಾದಂತೆ ಅದೇ ರಾಗದ ನಡೆ ಚುರುಕಾಗುತ್ತದೆ. ಸರಿಯಾದ ವಾಕ್ಯಕ್ಕೆ ಸರಿಯಾದ ಸಾಕ್ಷ್ಯ ಇಟ್ಟಿರೋ, ಸಂಗೀತ ಗಕ್ಕನೆ ನಿಲ್ಲುತ್ತದೆ. ಗೆದ್ದೆನೆಂದು ಇನ್ನೂ ಯಾರೂ ಹೇಳಿಲ್ಲ, ಆದರೆ ಕಿವಿಗೆ ಗೊತ್ತಾಗಿದೆ. ಈ ಅರೆಕ್ಷಣಕ್ಕಾಗಿ ನಾನು ಎಂಥ ಪೇಲವ ಕೇಸನ್ನೂ ಸಹಿಸಿಕೊಂಡೇನು.

ಪೇಲವ ಕೇಸುಗಳಿಗೆ ಬರವೇನೂ ಇಲ್ಲ. ಈ ಸರಣಿಯ ಎರಡನೇ ಭಾಗದ ಸರ್ಕಸ್ ಕೇಸನ್ನು ಇಷ್ಟಪಟ್ಟವರು ನನಗಿನ್ನೂ ಸಿಕ್ಕಿಲ್ಲ. ಆದರೆ ಅದೇ ಭಾಗದ ಕೊನೆಯ ಕೇಸು ವಕೀಲನ ವೃತ್ತಿಧರ್ಮವನ್ನೇ ಪೇಚಿಗೆ ಸಿಕ್ಕಿಸುವಷ್ಟು ಗಟ್ಟಿ. ವಿಚಾರಣೆಗಳ ನಡುವೆ ಊರು ಸುತ್ತಿ ಸುಳಿವು ಹುಡುಕುವ ಭಾಗ ಮಾತ್ರ ಎಲ್ಲ ಕಡೆಯೂ ಎಳೆದಾಟ. ಯಾವನೋ ಒಬ್ಬನಿಗೆ ಯಾವುದೋ ಒಂದು ಚೀಟಿ ತೋರಿಸುವ ತನಕ ಕಥೆ ಅಲುಗುವುದಿಲ್ಲ, ಆ ಒಬ್ಬ ಯಾರೆಂದು ಹೇಳುವವರಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಆಟದ ಬುಡದಲ್ಲೇ ಇದೆ. ಉತ್ತರ ನನಗೆ ಹೊಳೆದು ಎಷ್ಟೋ ಹೊತ್ತಾಗಿರುತ್ತದೆ, ನನ್ನ ವಕೀಲನಿಗೆ ಇನ್ನೂ ಹೊಳೆದಿರುವುದಿಲ್ಲ. ಮೂರನೇ ವಾಕ್ಯಕ್ಕೆ ಫೋಟೋ ತೋರಿಸಿದರೆ ತಪ್ಪು, ಐದನೆಯದಕ್ಕೆ ತೋರಿಸಿದರೆ ಸರಿ. ಎರಡೂ ಸುಳ್ಳೇ ಆಗಿದ್ದರೂ! ಆಗ ನಾನು ಸಾಕ್ಷಿಯನ್ನು ಬಿಟ್ಟು ತಕುಮಿಯವರ ಮನಸ್ಸನ್ನು ಓದಲು ಕೂತಿರುತ್ತೇನೆ. ತಪ್ಪಿಗೆ ದಂಡವೂ ಉಂಟು, ಮೊದಲ ಭಾಗದಲ್ಲಿ ಐದು ಆಶ್ಚರ್ಯಸೂಚಕ ಚಿಹ್ನೆಗಳು. ಈಗಿನ ಆವೃತ್ತಿಗಳಲ್ಲಿ ಬೇಕಾದಲ್ಲಿ ಸೇವ್ ಮಾಡಿಕೊಳ್ಳಬಹುದಾದ್ದರಿಂದ ಆ ದಂಡಕ್ಕೆ ಹೆದರುವವರಾರು?

ಕಾನೂನು ಕಲಿಯಲು ಇಲ್ಲಿಗೆ ಬರಬೇಡಿ. ಕೊಲೆ ಮೊಕದ್ದಮೆ ಮೂರೇ ದಿನದಲ್ಲಿ ಮುಗಿಯಬೇಕಂತೆ. ನಮ್ಮ ಜಿಲ್ಲಾ ಕೋರ್ಟಿನ ಜಗಲಿಯಲ್ಲಿ ವಾಯಿದೆಗೆ ಕಾದು ಕೂತವರು ನಕ್ಕುಬಿಟ್ಟಾರು. ಆರೋಪಿ ನಿರಪರಾಧಿ ಎಂದು ತೋರಿಸಿದರಷ್ಟೇ ಸಾಲದು, ನಿಜವಾದ ಕೊಲೆಗಾರನನ್ನೂ ವಕೀಲನೇ ಹಿಡಿದುಕೊಡಬೇಕು. ಆದರೂ ಈ ಉತ್ಪ್ರೇಕ್ಷೆಯ ಬೇರು ಜಪಾನಿನ ನೆಲದಲ್ಲೇ ಇದೆ. ಅಲ್ಲಿ ವಿಚಾರಣೆಗೆ ಬಂದ ಕ್ರಿಮಿನಲ್ ಪ್ರಕರಣಗಳಲ್ಲಿ ಶೇ. 99ಕ್ಕೂ ಹೆಚ್ಚಿನವು ಶಿಕ್ಷೆಯಲ್ಲೇ ಮುಗಿಯುತ್ತವೆ. ಜನಸಾಮಾನ್ಯರು ನ್ಯಾಯಾಧೀಶರ ಜೊತೆ ಕೂರುವ ಪದ್ಧತಿ ಬಂದದ್ದೂ ಈ ಆಟ ಹುಟ್ಟಿದ ಮೇಲೆ, 2009ರಲ್ಲಿ. ಹಾಗಾಗಿ ಆಟದ ಪ್ರಾಸಿಕ್ಯೂಟರ್‌ಗಳು ಸೋಲನ್ನೇ ಕಾಣದ ಅಹಂಕಾರಿಗಳು. ಮೊದಲ ಭಾಗದ ಕೊನೆಗೆ ಹದಿನೈದು ವರ್ಷದ ಹಿಂದಿನ ಕೊಲೆಯ ಕಾಲಮಿತಿ ಮುಗಿಯಲು ಗಂಟೆಗಳಷ್ಟೇ ಉಳಿದಿರುತ್ತವೆ. ಅದು ಕಥೆಗಾಗಿ ಕಟ್ಟಿದ ಗಡುವಲ್ಲ. ಆಗ ಜಪಾನಿನ ಕಾನೂನಿನಲ್ಲಿ ಕೊಲೆಗೆ ಇದ್ದದ್ದೇ ಹದಿನೈದು ವರ್ಷ. 2010ರಲ್ಲಿ ಆ ಮಿತಿ ರದ್ದಾಯಿತು. ಇಷ್ಟು ಗಂಭೀರವಾದ ಗಡುವಿನ ನಡುವೆ ನಮ್ಮ ವಕೀಲ ಏನು ಮಾಡುತ್ತಾನೆ? ಗಿಳಿಯೊಂದನ್ನು ಸಾಕ್ಷಿಯಾಗಿ ಕರೆಸಿ ಪಾಟೀ ಸವಾಲು ಹಾಕುತ್ತಾನೆ. ನಗು ಬರುತ್ತದೆ, ಆದರೆ ಮುಂದಿನ ಹಾದಿ ತೆರೆಯುವುದು ಆ ಗಿಳಿಯ ಮಾತಿನಿಂದಲೇ.

ತಕುಮಿಯವರ ಕೈ ಪಳಗಿದ್ದು ಮಾತ್ರ 'ದಿ ಗ್ರೇಟ್ ಏಸ್ ಅಟಾರ್ನಿ'ಯಲ್ಲಿ ಎಂದು ನನ್ನ ಮತ. ಮೇಜಿ ಕಾಲದ ಜಪಾನಿನ ಹುಡುಗ ಲಂಡನ್ನಿಗೆ ಹೋಗಿ ವಕೀಲಿ ಮಾಡುತ್ತಾನೆ. 1900ರಿಂದ 1902ರವರೆಗೆ ಆ ಊರಲ್ಲಿ ನಿಜವಾಗಿ ಓದಲು ಹೋಗಿದ್ದ ಕಾದಂಬರಿಕಾರ ನತ್ಸುಮೆ ಸೊಸೆಕಿ ಇಲ್ಲಿ ಆರೋಪಿ! ಷರ್ಲಾಕ್ ಹೋಮ್ಸ್ ಅಬ್ಬರದಿಂದ ಶುರು ಮಾಡಿ ಎಡವಟ್ಟು ತೀರ್ಮಾನಕ್ಕೆ ಬಂದು ನಿಲ್ಲುತ್ತಾನೆ, ಅವನ ತರ್ಕವನ್ನು ಅಲ್ಲಲ್ಲಿ ತಿದ್ದಿ ದಾರಿಗೆ ತರುವುದು ನಮ್ಮ ಕೆಲಸ. ಜ್ಯೂರಿಯಲ್ಲಿ ಆರು ಮಂದಿ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆಸಿ ಅವರ ಮನಸ್ಸು ತಿರುಗಿಸಬಹುದು. ಅದರ ಮೊದಲ ಭಾಗ ಹತ್ತಾರು ಗಂಟು ಬಿಚ್ಚದೆ ಮುಗಿಯುತ್ತದೆ, 2015ರಲ್ಲಿ ಆಡಿದ ಜಪಾನಿನವರು ಉತ್ತರಕ್ಕೆ 2017ರವರೆಗೆ ಕಾಯಬೇಕಾಯಿತು. ನಮಗೆ 2021ರಲ್ಲಿ ಎರಡೂ ಒಟ್ಟಿಗೇ ಸಿಕ್ಕವು. ನಾನಿನ್ನೂ ಎರಡನೆಯದರ ಅರ್ಧದಲ್ಲಿದ್ದೇನೆ. ಮುಗಿಸಿದವರು ದಯವಿಟ್ಟು ಬಾಯಿ ಬಿಡಬೇಡಿ.